ಮೇಯರ್ ಅವರೇ, ನಗರದ ರಾತ್ರಿಗೂ ಒಬ್ಬ ಹೊಣೆಗಾರ ಬೇಕು

ಮಾನ್ಯ ಮೇಯರ್ ಅವರಿಗೆ ನಮಸ್ಕಾರ.

ಇದು ಒಂದೇ ಊರಿಗೆ ಬರೆದ ಪತ್ರ ಅಲ್ಲ. ಗಾಜಿನ ಆಫೀಸು ಕಟ್ಟಡಗಳು, ದುಬಾರಿ ಅಂಗಡಿಗಳು, ಅವುಗಳ ಪಕ್ಕದಲ್ಲೇ ಪಬ್ಬು, ಕ್ಲಬ್ಬು, ರೂಫ್‌ಟಾಪ್ ರೆಸ್ಟೋರೆಂಟ್ ಇರುವ ಯಾವ ದೊಡ್ಡ ನಗರಕ್ಕೆ ನೀವು ಮೇಯರ್ ಆಗಿದ್ದರೂ ಈ ಪತ್ರ ನಿಮಗೇ. ಅಂಥ ಬೀದಿಗಳಲ್ಲಿ ಸುತ್ತಾಡೋದು ನನಗೆ ತುಂಬಾ ಇಷ್ಟ. ಏನೂ ಕೊಳ್ಳದೆ ಸುಮ್ನೆ ನಡೆದರೂ ಸಾಕು, ಮನಸ್ಸು ತುಂಬುತ್ತದೆ. ಆ ಬೀದಿಗಳನ್ನು ಬೈಯೋದಕ್ಕೆ ಬರೆಯುತ್ತಿಲ್ಲ, ಅವು ಚೆನ್ನಾಗಿರಲಿ ಅಂತ ಬರೆಯುತ್ತಿದ್ದೇನೆ.

ನನ್ನ ಕೋರಿಕೆ ಒಂದೇ. ಈ ಬೀದಿಗಳ ರಾತ್ರಿಗೆ ಉತ್ತರ ಹೇಳಬೇಕಾದ ಒಬ್ಬ ಅಧಿಕಾರಿಯನ್ನು ನೇಮಿಸಿ.

ಒಂದೇ ಫುಟ್‌ಪಾತ್ ಮೇಲೆ ಸಂಜೆ 7ಕ್ಕೊಮ್ಮೆ, ರಾತ್ರಿ 1ಕ್ಕೊಮ್ಮೆ ನಡೆದು ನೋಡಿ. ಸಂಜೆ ಕಸದ ಗಾಡಿ ಬಂದು ಹೋಗಿರುತ್ತದೆ, ಸಿಗ್ನಲ್ಲಿನಲ್ಲಿ ಪೊಲೀಸರು ಇರುತ್ತಾರೆ, ಮಾಲ್‌ನ ಶೌಚಾಲಯ ತೆರೆದಿರುತ್ತದೆ. ರಾತ್ರಿ 1ಕ್ಕೆ ಅದೇ ಫುಟ್‌ಪಾತ್ ಮೇಲೆ ಜನ ಅಷ್ಟೇ ಇರುತ್ತಾರೆ, ಕೆಲವು ಸಲ ಇನ್ನೂ ಜಾಸ್ತಿ. ಆದರೆ ಶೌಚಾಲಯಕ್ಕೆ ಬೀಗ. ಕ್ಲಬ್ಬಿನ ಹಗ್ಗದ ಆಚೆ ಬೌನ್ಸರ್ ಇದ್ದಾನೆ, ಅವನ ಹೊಣೆ ಬಾಗಿಲವರೆಗೆ ಮಾತ್ರ. ಹಗ್ಗದ ಈಚೆ ನಿಂತ ಕ್ಯೂ ರಸ್ತೆಗೆ ಇಳಿದರೆ ಕೇಳೋರು ಯಾರು? ಅಬಕಾರಿಯವರು ಲೈಸೆನ್ಸ್ ನೋಡುತ್ತಾರೆ, ಅಗ್ನಿಶಾಮಕದವರು ಸರ್ಟಿಫಿಕೇಟ್ ನೋಡುತ್ತಾರೆ, ಸಾರಿಗೆಯವರು ಕೊನೆಯ ಟ್ರಿಪ್ಪಿನ ಹೊತ್ತು ನೋಡುತ್ತಾರೆ. ಎಲ್ಲವನ್ನೂ ಸೇರಿಸಿ ನೋಡುವವರು ಇಲ್ಲ.

ಹೀಗೆ ಯಾರ ಹೊಣೆಯೂ ಅಲ್ಲದ ಜಾಗದಲ್ಲಿ ಏನಾಗುತ್ತದೆ ಅನ್ನೋದನ್ನು ದಕ್ಷಿಣ ಕೊರಿಯಾದ ರಾಜಧಾನಿ ಸೋಲ್ ನಗರ 2022ರ ಅಕ್ಟೋಬರ್ 29ರಂದು ಕಂಡಿತು. ಇಟೆವಾನ್ ಅಲ್ಲಿನ ಹೆಸರಾದ ರಾತ್ರಿ ಬಡಾವಣೆ. ಹ್ಯಾಲೋವೀನ್ ಹೊತ್ತಿಗೆ ಸಾವಿರಾರು ಜನ ಸೇರಿದ್ದರು. ಹೋಟೆಲ್ ಒಂದರ ಪಕ್ಕದಲ್ಲಿ ಇಳಿಜಾರಿನ ಓಣಿ, ಇಕ್ಕಟ್ಟಾದ ಕಡೆ ಅಗಲ ಸುಮಾರು 3.2 ಮೀಟರ್ ಅಷ್ಟೇ. ಮೇಲಿಂದಲೂ ಜನ, ಕೆಳಗಿಂದಲೂ ಜನ. 159 ಜೀವ ಹೋಯಿತು, ಹೆಚ್ಚಿನವರು ಹರೆಯದವರು. ಇಲ್ಲಿ ಏನೋ ಆಗುತ್ತದೆ ಅಂತ ಪೊಲೀಸರಿಗೆ ಮೊದಲ ಫೋನ್ ಹೋದದ್ದು ಸಂಜೆ 6:34ಕ್ಕೆ. ದುರಂತ ನಡೆದದ್ದು ರಾತ್ರಿ 10 ದಾಟಿದ ಮೇಲೆ. ನಡುವೆ ಮೂರೂವರೆ ಗಂಟೆಗೂ ಮೀರಿದ ಹೊತ್ತು ಇತ್ತು, ಫೋನ್ ಮೇಲೆ ಫೋನ್ ಬಂದಿದ್ದವು. ಅದು ಯಾರೂ ಏರ್ಪಡಿಸಿದ ಕಾರ್ಯಕ್ರಮ ಅಲ್ಲ, ಜನ ತಾವಾಗಿಯೇ ಬಂದಿದ್ದರು. ಆಯೋಜಕರೇ ಇಲ್ಲದ ಮೇಲೆ ಜನಸಂದಣಿಯ ಯೋಜನೆ ಮಾಡುವವರು ಯಾರು ಅನ್ನುವ ಪ್ರಶ್ನೆ ಆಮೇಲೆ ಎದ್ದಿತು. ಮೇಯರ್ ಅವರೇ, ಪ್ರತಿ ಶನಿವಾರ ರಾತ್ರಿ ನಿಮ್ಮ ನಗರದಲ್ಲೂ ಆಯೋಜಕರಿಲ್ಲದ ಜಾತ್ರೆ ನಡೆಯುತ್ತದೆ, ಅಲ್ವಾ? ಆ ಜಾತ್ರೆಗೆ ಯಜಮಾನರು ನೀವೇ ಆಗಬೇಕು.

ಕಟ್ಟಡದ ಒಳಗಿನ ಕತೆ ಇನ್ನೂ ಹಳೆಯದು. 2013ರ ಜನವರಿಯಲ್ಲಿ ಬ್ರೆಜಿಲ್‌ನ ಸಾಂತಾ ಮರಿಯಾದ ನೈಟ್‌ಕ್ಲಬ್ಬಿನಲ್ಲಿ ಬೆಂಕಿ ಬಿದ್ದು 242 ಜನ ಸತ್ತರು. ಅಷ್ಟೂ ಜನಕ್ಕೆ ಹೊರಬರಲು ಇದ್ದದ್ದು ಒಂದೇ ಬಾಗಿಲು. ಮುಂಬೈನ ಕಮಲಾ ಮಿಲ್ಸ್ ಹಗಲೆಲ್ಲ ಆಫೀಸುಗಳ ಗದ್ದಲ, ರಾತ್ರಿ ರೆಸ್ಟೋರೆಂಟ್‌ಗಳ ಗದ್ದಲ ಇರುವ ಜಾಗ. 2017ರ ಡಿಸೆಂಬರ್ ಕೊನೆಯಲ್ಲಿ ಅಲ್ಲಿ 14 ಜನ ಸತ್ತರು. ಅವರಲ್ಲಿ ಹೆಚ್ಚಿನವರು ಬೆಂಕಿಯಿಂದ ತಪ್ಪಿಸಿಕೊಳ್ಳಲು ಶೌಚಾಲಯಕ್ಕೆ ಹೋಗಿ ಸೇರಿಕೊಂಡವರು. ಹೊಗೆ ಅಲ್ಲಿಗೂ ಬಂತು. ಹೊರಗೆ ಹೋಗುವ ದಾರಿ ಕಣ್ಣಿಗೆ ಬಿದ್ದಿದ್ದರೆ ಯಾರು ತಾನೇ ಶೌಚಾಲಯಕ್ಕೆ ಓಡುತ್ತಾರೆ? ಅದಕ್ಕೇ ನಾನು ಎಲ್ಲಿಗೆ ಹೋದರೂ ಮೊದಲು ಎರಡನೆಯ ಬಾಗಿಲು ಹುಡುಕುತ್ತೇನೆ. ಕೆಲವು ಕಡೆ ಅದು ಸಿಗುತ್ತದೆ, ಅದರ ಮುಂದೆ ಬಿಯರ್ ಕ್ರೇಟುಗಳೂ ಸಿಗುತ್ತವೆ. ಬೆಳಗ್ಗೆ 11ಕ್ಕೆ ತಪಾಸಣೆಗೆ ಬರುವ ಅಧಿಕಾರಿಗೆ ಆ ಕ್ರೇಟು ಕಾಣಿಸೋದಿಲ್ಲ.

ನಾನು ಕೇಳುತ್ತಿರುವುದು ಹೊಸದೇನಲ್ಲ. ಆಮ್‌ಸ್ಟರ್‌ಡ್ಯಾಮಿನಲ್ಲಿ 2012ರಲ್ಲಿ ಮಿರಿಕ್ ಮಿಲನ್ ಅನ್ನುವವರು ರಾತ್ರಿ ಮೇಯರ್ ಆದರು. ಕ್ಲಬ್ಬುಗಳ ಕಾರ್ಯಕ್ರಮ ನಡೆಸಿ ಅನುಭವ ಇದ್ದವರು. ಕ್ಲಬ್ಬಿನವರು, ನೆರೆಮನೆಯವರು, ನಗರಾಡಳಿತ, ಮೂವರನ್ನೂ ಒಂದೇ ಮೇಜಿಗೆ ಕೂರಿಸೋದು ಅವರ ಕೆಲಸವಾಗಿತ್ತು. ರೆಂಬ್ರಾಂಟ್‌ಪ್ಲೇನ್ ಅನ್ನುವ ಗದ್ದಲದ ಚೌಕದಲ್ಲಿ ವಾರಾಂತ್ಯದ ರಾತ್ರಿ ಸಹಾಯಕರನ್ನು ನಿಲ್ಲಿಸಿದರು. ಅವರು ಪೊಲೀಸರಲ್ಲ. ಕುಡಿದು ದಾರಿ ತಪ್ಪಿದವರನ್ನು ಸ್ಟಾಪಿಗೆ ತಲುಪಿಸೋದು, ಜಗಳ ಶುರುವಾಗುವ ಮೊದಲೇ ಸಮಾಧಾನ ಹೇಳೋದು, ಇಷ್ಟೇ. ಲಂಡನ್ 2016ರಲ್ಲಿ, ನ್ಯೂಯಾರ್ಕ್ 2017ರಲ್ಲಿ ಇದೇ ದಾರಿ ಹಿಡಿದವು.

ಎಲ್ಲವನ್ನೂ ಬೇಗ ಮುಚ್ಚಿಸಿದರೆ ಆಯಿತಲ್ಲ ಅಂತ ನಿಮಗೆ ಸಲಹೆ ಕೊಡುವವರು ಇರುತ್ತಾರೆ. ಸಿಡ್ನಿ ಅದನ್ನು ಮಾಡಿ ನೋಡಿತು. 2014ರಲ್ಲಿ, ರಾತ್ರಿ 1:30ರ ಮೇಲೆ ಹೊಸಬರಿಗೆ ಪ್ರವೇಶ ಇಲ್ಲ, 3ಕ್ಕೆ ಮದ್ಯ ಬಂದ್ ಅಂತ ನಿಯಮ ಬಂತು. ಕುಡುಕರ ಹೊಡೆತಕ್ಕೆ ಯುವಕರು ಸತ್ತಿದ್ದರು, ಜನರ ಸಿಟ್ಟಿಗೆ ಕಾರಣ ಇತ್ತು. ಹಲ್ಲೆಗಳು ಕಡಿಮೆಯಾದದ್ದು ನಿಜ. ಆದರೆ ಎಷ್ಟೋ ಸಂಗೀತದ ಜಾಗಗಳು ಬಾಗಿಲು ಹಾಕಿದವು, ಬೀದಿಗಳು ಬಣಗುಟ್ಟಿದವು. 2020ರಲ್ಲಿ ನಗರದ ನಡುಭಾಗದಲ್ಲಿ, 2021ರಲ್ಲಿ ಅಲ್ಲಿನ ರಾತ್ರಿ ಬಡಾವಣೆ ಕಿಂಗ್ಸ್ ಕ್ರಾಸ್‌ನಲ್ಲಿ ಆ ಪ್ರವೇಶದ ನಿಯಮ ತೆಗೆದರು. ಇನ್ನೊಂದು ಮಾತು. ಎಲ್ಲ ಬಾಗಿಲೂ ಒಂದೇ ಗಂಟೆಗೆ ಮುಚ್ಚಿದರೆ ಎಲ್ಲರೂ ಒಂದೇ ಗಳಿಗೆಗೆ ಬೀದಿಗೆ ಬೀಳುತ್ತಾರೆ. ಟ್ಯಾಕ್ಸಿ ಸಾಲದು, ತಾಳ್ಮೆ ಸಾಲದು. ಒಂದೊಂದು ಜಾಗ ಒಂದೊಂದು ಹೊತ್ತಿಗೆ ಮುಚ್ಚಿದರೆ ಜನ ಸ್ವಲ್ಪ ಸ್ವಲ್ಪವಾಗಿ ಕರಗುತ್ತಾರೆ.

ಹಾಗಂತ ಮೇಲಿನ ಮನೆಗಳಲ್ಲಿ ಮಲಗುವವರ ಕಷ್ಟ ಸಣ್ಣದಲ್ಲ. ಸಂಗೀತದ ಬಾಸ್, ಅಂದರೆ ದಮ್ ದಮ್ ಅನ್ನುವ ತಗ್ಗು ದನಿಯ ಸದ್ದು, ಗೋಡೆಯನ್ನೇ ಹಾದು ಬರುತ್ತದೆ. ಸದ್ದು ಅಳೆಯುವ ಮೀಟರನ್ನು ಸಾಮಾನ್ಯವಾಗಿ ಮನುಷ್ಯರ ಕಿವಿಗೆ ಹೊಂದಿಸಿರುತ್ತಾರೆ, ಕಿವಿಗೆ ತಗ್ಗು ದನಿ ಕಡಿಮೆ ಕೇಳಿಸುತ್ತದೆ, ಹಾಗಾಗಿ ಅದು ಬಾಸ್ ಅನ್ನು ಕಡಿಮೆ ಲೆಕ್ಕ ಹಾಕುತ್ತದೆ. ಮೀಟರ್ ನೋಡಿದರೆ ಎಲ್ಲ ಸರಿ, ಮಂಚದ ಪಕ್ಕದ ಕಿಟಕಿ ಗಾಜು ಮಾತ್ರ ನಡುಗುತ್ತಿರುತ್ತದೆ. ದೂರು ಕೊಟ್ಟವರಿಗೆ ಮಿತಿಯೊಳಗೇ ಇದೆ ಅನ್ನುವ ಉತ್ತರ ಬಂದರೆ ಸಿಟ್ಟು ಬರದೆ ಇರುತ್ತದೆಯೇ? ಇದಕ್ಕೂ ದಾರಿ ಇದೆ. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯ, ಆಮೇಲೆ ಇಂಗ್ಲೆಂಡ್ ಒಂದು ನಿಯಮ ತಂದವು: ಯಾರು ಹೊಸದಾಗಿ ಬರುತ್ತಾರೋ ಸದ್ದು ತಡೆಯುವ ಖರ್ಚು ಅವರದ್ದು. ಹಳೆಯ ಕ್ಲಬ್ಬಿನ ಪಕ್ಕ ಹೊಸ ಅಪಾರ್ಟ್‌ಮೆಂಟ್ ಎದ್ದರೆ ಬಿಲ್ಡರ್ ದಪ್ಪ ಗಾಜು ಹಾಕಿಸಬೇಕು. ಮನೆಗಳ ನಡುವೆ ಹೊಸ ಕ್ಲಬ್ ಬಂದರೆ ಕ್ಲಬ್ಬಿನವರೇ ಗೋಡೆ ಬಲಪಡಿಸಬೇಕು. ನನಗಂತೂ ಇದು ಪೂರ್ತಿ ನ್ಯಾಯ ಅನ್ನಿಸುತ್ತದೆ.

ಕೊನೆಗೆ ಅಲ್ಲಿ ದುಡಿಯುವವರ ಮಾತು. ಇದು ನನಗೆ ಎಲ್ಲಕ್ಕಿಂತ ಮುಖ್ಯ. ಮುಂದಿನ ಬಾಗಿಲಲ್ಲಿ ಕಾರುಗಳು ಹೊರಟ ಮೇಲೆ ಹಿಂದಿನ ಬಾಗಿಲು ತೆರೆಯುತ್ತದೆ. ಪಾತ್ರೆ ತೊಳೆದು ಕೈ ಸುಕ್ಕುಗಟ್ಟಿದವರು, ನಿಂತು ನಿಂತು ಕಾಲು ಊದಿದ ವೇಟರ್‌ಗಳು, ಶೋರೂಮಿನ ಕಾವಲುಗಾರರು ಹೊರಗೆ ಬರುತ್ತಾರೆ. ಕೊನೆಯ ರೈಲು ಹೋಗಿ ಎಷ್ಟೋ ಹೊತ್ತಾಗಿರುತ್ತದೆ. ಟ್ಯಾಕ್ಸಿಗೆ ಕೊಟ್ಟರೆ ಆ ದಿನದ ದುಡಿಮೆಯೇ ಹೋಯಿತು. ಶಟರ್ ಇಳಿದ ಅಂಗಡಿಯ ಮೆಟ್ಟಿಲ ಮೇಲೆ ಕೂತು ಮೊದಲ ಬಸ್ಸಿಗೆ ಕಾಯುತ್ತಾರೆ. ಲಂಡನ್ 2016ರ ಆಗಸ್ಟ್‌ನಲ್ಲಿ ಶುಕ್ರವಾರ, ಶನಿವಾರ ರಾತ್ರಿಯಿಡೀ ಮೆಟ್ರೋ ಓಡಿಸಲು ಶುರು ಮಾಡಿದಾಗ ಮೊದಲಿಗೆ ಇದ್ದದ್ದು ಎರಡೇ ಲೈನು. ಎರಡರಿಂದಲೇ ಶುರು ಮಾಡಬಹುದು. ರೈಲು ಆಗದಿದ್ದರೆ ಗಂಟೆಗೊಂದು ಬಸ್ ಬಿಡಿ.

ಈ ಅಧಿಕಾರಿ ಸಂಜೆ ಆಫೀಸು ಮುಚ್ಚುವವರಾಗಬಾರದು, ಆಗ ತೆರೆಯುವವರಾಗಬೇಕು. ತಪಾಸಣೆ ಜನ ತುಂಬಿದ ಹೊತ್ತಿಗೇ ಆಗಲಿ. ಓಣಿಗಳ ಅಗಲ, ಅಲ್ಲಿ ಎಷ್ಟು ಜನ ಸೇರಿದರೆ ತಡೆಯಬೇಕು ಅನ್ನೋದು ಮೊದಲೇ ಬರೆದಿಟ್ಟಿರಲಿ. ಅಂಥ ಕಡೆ ದಾರಿ ಮುಚ್ಚಿಸುವ ಅಧಿಕಾರವೂ ಅವರಿಗೇ ಇರಲಿ, ಬರೀ ವರದಿ ಕಳಿಸುವ ಹುದ್ದೆ ಬೇಡ. ಬೆಳಗಾಗುವವರೆಗೆ ಶೌಚಾಲಯ ತೆರೆದಿರಲಿ. ಮುಂದಿನ ಬಜೆಟ್ಟಿನಲ್ಲಿ ಈ ಹುದ್ದೆಗೆ ಹಣ ಇಡಿ. ನೇಮಕ ಆದ ದಿನವೇ ಅವರ ಹೆಸರು, ರಾತ್ರಿ ಎತ್ತುವ ಫೋನ್ ನಂಬರ್ ಎರಡನ್ನೂ ಆ ಬೀದಿಗಳ ಪ್ರತಿ ಕಂಬದ ಮೇಲೆ ಹಾಕಿಸಿ.

ಇಂತಿ,
ರಾತ್ರಿ ಬೀದಿಗಳಲ್ಲಿ ಓಡಾಡುವ ಒಬ್ಬ ನಾಗರಿಕ