ತೊಗರಿಗೂ ಬರಲಿ ಗಾಮಾ ಕಿರಣ ಘಟಕ

ಮಾನ್ಯರೇ,

ಕಲಬುರಗಿಯಲ್ಲಿ ತೊಗರಿ ಕಾಳನ್ನು ಹುಳದಿಂದ ಉಳಿಸಲು ಗಾಮಾ ಕಿರಣ ಘಟಕವೊಂದು ಬೇಕು. ರಾಶಿ ಮಾಡಿ ಕೆಲವೇ ತಿಂಗಳಾದರೂ ಸಾಕು, ಚೀಲ ಬಿಚ್ಚಿದರೆ ಕಾಳಿನ ಮೇಲೆ ಬಿಳಿ ಚುಕ್ಕೆಯಂಥ ಮೊಟ್ಟೆ, ಪಕ್ಕದಲ್ಲೇ ಗುಂಡನೆಯ ತೂತು. ಈ ಭಯಕ್ಕೇ ಎಷ್ಟೋ ರೈತರು ಬಂದ ದರಕ್ಕೆ ಮಾರಿಬಿಡುತ್ತಾರೆ. ಮನೆಯೊಳಗೆ ವಿಷದ ಗುಳಿಗೆ ಇಡುವುದಂತೂ ಜೀವಕ್ಕೇ ಅಪಾಯ.

ಕೋಬಾಲ್ಟ್-60 ಎಂಬ ವಿಕಿರಣ ಸೂಸುವ ಲೋಹದಿಂದ ಬರುವ ಗಾಮಾ ಕಿರಣ ಚೀಲ ದಾಟಿ ಒಳಗೆ ಹೋಗಿ, ಕಾಳಿನೊಳಗಿನ ಮರಿ, ಮೊಟ್ಟೆಯನ್ನೂ ನಾಶ ಮಾಡುತ್ತದೆ. ಇದರಿಂದ ಕಾಳು ವಿಕಿರಣಶೀಲ ಆಗುವುದಿಲ್ಲ, ಅಂದರೆ ಕಾಳೇ ವಿಕಿರಣ ಸೂಸುವುದಿಲ್ಲ. ಜನರಿಗೆ ಈ ಅಂಜಿಕೆ ಜಾಸ್ತಿ, ಅದಕ್ಕೇ ಹೇಳುತ್ತಿದ್ದೇನೆ. ಬೇಳೆಕಾಳಿಗೆ ಈ ವಿಧಾನ ಬಳಸಲು ನಮ್ಮ ದೇಶದಲ್ಲಿ ಅನುಮತಿ ಇದೆ. ನಾಸಿಕ್ ಜಿಲ್ಲೆಯ ಲಾಸಲಗಾಂವ್‌ನಲ್ಲಿ ಈರುಳ್ಳಿ ಮೊಳಕೆ ತಡೆಯಲು ಭಾಭಾ ಅಣು ಸಂಶೋಧನಾ ಕೇಂದ್ರದ ಇಂಥ ಘಟಕ ಎರಡು ದಶಕದ ಹಿಂದೆಯೇ ಶುರುವಾಯಿತು. ಅಲ್ಲಿನ ಈರುಳ್ಳಿಗೆ ಸಿಕ್ಕಿದ್ದು 2019ರಲ್ಲಿ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಪಡೆದ ನಮ್ಮ ತೊಗರಿಗೆ ಬೇಡವೇ?

ಕಿರಣ ಹಾಯಿಸಿದ ಮೇಲೂ ಹೊರಗಿನ ಹುಳ ಮತ್ತೆ ಹತ್ತಬಹುದು, ಹಾಗಾಗಿ ಗಟ್ಟಿ ಚೀಲ, ಒಳ್ಳೆಯ ಗೋದಾಮು ಎರಡೂ ಬೇಕು. ತೊಗರಿ ಮಂಡಳಿ ಮತ್ತು ಎಪಿಎಂಸಿ ಸೇರಿ ಸರ್ಕಾರಕ್ಕೆ ಪ್ರಸ್ತಾವ ಕಳಿಸಲಿ. ಸಣ್ಣ ರೈತರು ಒಂದೆರಡು ಕ್ವಿಂಟಲ್ ತಂದರೂ ಕಡಿಮೆ ಶುಲ್ಕದಲ್ಲಿ ಮಾಡಿಕೊಡುವಂತಿರಲಿ.

– ತೊಗರಿ ಬೆಳೆಗಾರ, ಆಳಂದ ತಾಲ್ಲೂಕು, ಕಲಬುರಗಿ ಜಿಲ್ಲೆ