ಪೇಪರಿನೊಳಗಿನ ಕರಪತ್ರ ಮತ್ತು ಹೇಫ್ಲಿಕ್ ಎಣಿಸಿದ ಕೋಶಗಳು

ಮಾನ್ಯ ಸಂಪಾದಕರೇ,

ದೀಪಾವಳಿಗೆ ಮುಂಚೆ ಒಂದು ಬೆಳಿಗ್ಗೆ ಪೇಪರಿನ ಮಡಿಕೆಯಿಂದ ಬಣ್ಣದ ಕರಪತ್ರವೊಂದು ಬಿತ್ತು. 'ಟೆಲೋಮಿಯರ್ ಉದ್ದವಾಗುತ್ತದೆ, 15 ವರ್ಷ ಚಿಕ್ಕವರಾಗುತ್ತೀರಿ' ಎಂದಿತ್ತು. ನಾನು ಅದರ ಮೇಲೆ ಹೀರೇಕಾಯಿ ಸಿಪ್ಪೆ ಹೆರೆದು ಬಿಸಾಡಿದೆ. ಇಲ್ಲೇ ನಿಟುವಳ್ಳಿಯಲ್ಲಿ ಎರಡು ಬೀದಿ ಆಚೆಗಿರುವ ನಮ್ಮಕ್ಕ ಅದರಲ್ಲಿದ್ದ ನಂಬರಿಗೆ ಫೋನ್ ಮಾಡಿದಳು. ಮೂರು ತಿಂಗಳ ಡಬ್ಬಿಗೆ 18,000 ರೂಪಾಯಿ, ಪಿಂಚಣಿ ದುಡ್ಡು. ಮಾರಿದವರು 'ಬೇರೆ ಮಾತ್ರೆ ನಿಧಾನಕ್ಕೆ ಕಮ್ಮಿ ಮಾಡಿ' ಎಂದರಂತೆ. ಸಕ್ಕರೆ ಕಾಯಿಲೆಯ ಮಾತ್ರೆಯನ್ನು ಅರ್ಧಕ್ಕೆ ಇಳಿಸಿದಳು. ಖಾಲಿ ಹೊಟ್ಟೆಯ ಶುಗರ್ 260 ಮುಟ್ಟಿದ ಮೇಲೇ ನನಗೆ ವಿಷಯ ಗೊತ್ತಾದದ್ದು.

ನಾನು 31 ವರ್ಷ ಲ್ಯಾಬ್ ಟೆಕ್ನಿಷಿಯನ್ ಆಗಿದ್ದವಳು. ಯಂತ್ರ ಬರುವ ಮೊದಲು ಬಿಳಿ ರಕ್ತಕಣಗಳನ್ನು ಚೌಕ ಗೆರೆಗಳ ಗಾಜಿನ ಮೇಲೆ ಕಣ್ಣಿಟ್ಟು ಎಣಿಸುತ್ತಿದ್ದೆವು. ಗೆರೆ ಮೇಲೆ ಕೂತ ಕಣವನ್ನು ಎರಡು ಬದಿಯಲ್ಲಿ ಮಾತ್ರ ಲೆಕ್ಕಕ್ಕೆ ಹಿಡಿಯಬೇಕು, ಇಲ್ಲದಿದ್ದರೆ ರಿಪೋರ್ಟೇ ಸುಳ್ಳಾಗುತ್ತದೆ. ಹಾಗಾಗಿ ಲಿಯೊನಾರ್ಡ್ ಹೇಫ್ಲಿಕ್ ಎಂಬ ವಿಜ್ಞಾನಿಯ ಮೇಲೆ ನನಗೆ ಮೊದಲಿಂದಲೂ ಗೌರವ. ಅವರೂ ಎಣಿಸಿದವರು.

ನ್ಯೂಯಾರ್ಕಿನ ಅಲೆಕ್ಸಿಸ್ ಕ್ಯಾರೆಲ್ 1912ರಲ್ಲಿ ಕೋಳಿ ಭ್ರೂಣದ ಹೃದಯದ ಕೋಶಗಳನ್ನು ಬೆಳೆಸಲು ತೊಡಗಿದರು. ಆ ಕೋಶಗಳಿಗೆ ಸಾವೇ ಇಲ್ಲವೆಂದು ಜಗತ್ತು ದಶಕಗಟ್ಟಲೆ ನಂಬಿತು. ಫಿಲಡೆಲ್ಫಿಯಾದ ವಿಸ್ಟಾರ್ ಸಂಸ್ಥೆಯಲ್ಲಿ ಹೇಫ್ಲಿಕ್ ಬೆಳೆಸಿದ ಮನುಷ್ಯನ ಕೋಶಗಳು ಸುಮಾರು 50 ಸಲ ದುಪ್ಪಟ್ಟಾಗಿ ನಿಂತುಬಿಟ್ಟವು. ತೊಳೆದ ಗಾಜಿನಲ್ಲಿ ದೋಷವೋ, ಹಾಕಿದ ಪೋಷಕ ದ್ರವದಲ್ಲೋ ಎಂದು ಯಾರಾದರೂ ಕೇಳುವ ಪ್ರಶ್ನೆಯೇ. ಅವರೂ ಪಾಲ್ ಮೂರ್‌ಹೆಡ್ ಅವರೂ ಅದಕ್ಕೆ ಕಂಡುಕೊಂಡ ಉತ್ತರ ಓದಿ ನಾನು ಪುಸ್ತಕ ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ಬಹಳ ಸಲ ದುಪ್ಪಟ್ಟಾಗಿ ಮುದಿಯಾದ ಗಂಡು ಕೋಶಗಳನ್ನೂ ಇನ್ನೂ ಎಳೆಯದಾದ ಹೆಣ್ಣು ಕೋಶಗಳನ್ನೂ ಒಂದೇ ಬಾಟಲಿಗೆ ಹಾಕಿದರು. ಅದೇ ಗಾಜು, ಅದೇ ದ್ರವ. ಕೊನೆಗೆ ಗಂಡು-ಹೆಣ್ಣಿನ ಗುರುತು ಹೇಳುವ, ಕೋಶದೊಳಗಿನ ವರ್ಣತಂತು ನೋಡಿದರೆ ಉಳಿದದ್ದು ಹೆಣ್ಣು ಕೋಶಗಳು ಮಾತ್ರ. ದೋಷ ಬಾಟಲಿಯಲ್ಲಿರಲಿಲ್ಲ, ಲೆಕ್ಕ ಕೋಶದ ಒಳಗೇ ಇತ್ತು. ದ್ರವ ಸಾರಜನಕದಲ್ಲಿ ಹೆಪ್ಪುಗಟ್ಟಿಸಿಟ್ಟು ವರ್ಷಗಳ ನಂತರ ತೆಗೆದರೂ ಆ ಕೋಶಗಳು ನಿಲ್ಲಿಸಿದ ಎಣಿಕೆಯಿಂದಲೇ ಮುಂದುವರಿಯುತ್ತವೆ! ಮೊದಲು ಕಳಿಸಿದ ನಿಯತಕಾಲಿಕ ಆ ಬರಹವನ್ನು ಹಿಂದಿರುಗಿಸಿತ್ತು, 1961ರಲ್ಲಿ ಬೇರೊಂದರಲ್ಲಿ ಅಚ್ಚಾಯಿತು.

ಹೇಫ್ಲಿಕ್ 1962ರಲ್ಲಿ ಬೆಳೆಸಿದ ಡಬ್ಲ್ಯುಐ-38 ಎಂಬ ಕೋಶಗಳಲ್ಲೇ ಮುಂದೆ ರುಬೆಲ್ಲಾ ಲಸಿಕೆ ತಯಾರಾಯಿತು. 2017ರಲ್ಲಿ ನಮ್ಮ ಶಾಲೆಗಳಲ್ಲಿ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ದಡಾರ-ರುಬೆಲ್ಲಾ ಚುಚ್ಚುಮದ್ದು ಹಾಕಿದ್ದು ಓದುಗರಿಗೆ ನೆನಪಿರಬಹುದು.

ಟೆಲೋಮಿಯರ್ ವಿಷಯ ಬಂದದ್ದು ಆಮೇಲೆ. ಸೀರೆಯ ಸೆರಗು ಬಿಚ್ಚದಂತೆ ಕುಚ್ಚು ಕಟ್ಟುತ್ತೇವಲ್ಲ, ವರ್ಣತಂತುವಿನ ತುದಿಗೂ ಅಂಥದೊಂದು ಇದೆ, ಅದೇ ಟೆಲೋಮಿಯರ್. ಕೋಶ ಒಡೆದು ಎರಡಾದಾಗಲೆಲ್ಲ ಅದು ಸ್ವಲ್ಪ ಸವೆಯುತ್ತದೆ. ಅದನ್ನು ಮತ್ತೆ ಕಟ್ಟುವ ಟೆಲೋಮರೇಸ್ ಎಂಬ ಕಿಣ್ವವನ್ನು ಎಲಿಜಬೆತ್ ಬ್ಲ್ಯಾಕ್‌ಬರ್ನ್ ಮತ್ತು ಕ್ಯಾರೊಲ್ ಗ್ರೈಡರ್ ಪತ್ತೆಹಚ್ಚಿದರು. ಅವರಿಗೂ ಜಾಕ್ ಶೋಸ್ಟಾಕ್ ಅವರಿಗೂ 2009ರಲ್ಲಿ ನೊಬೆಲ್ ಬಂತು. ಆದರೆ ಬಹುಪಾಲು ಕ್ಯಾನ್ಸರ್ ಕೋಶಗಳಲ್ಲಿ ಎದ್ದು ಕೂತಿರುವುದೂ ಇದೇ ಕಿಣ್ವ. ಕರಪತ್ರದಲ್ಲಿ ಈ ಮಾತು ಎಲ್ಲೂ ಇರಲಿಲ್ಲ.

ವಯಸ್ಸಾಗುವುದನ್ನು ನಿಲ್ಲಿಸುತ್ತೇವೆ, ಹಿಂದಕ್ಕೆ ತಿರುಗಿಸುತ್ತೇವೆ ಎಂದು ಮಾರುವ ಯಾವ ಔಷಧಿಗೂ ಆಧಾರವಿಲ್ಲವೆಂದು 2002ರಲ್ಲೇ 51 ವಿಜ್ಞಾನಿಗಳು ಸಹಿ ಹಾಕಿ ಹೇಳಿದ್ದರು. ಆ ಹೇಳಿಕೆಯನ್ನು ಬರೆದ ಮೂವರಲ್ಲಿ ಹೇಫ್ಲಿಕ್ ಒಬ್ಬರು. ಜೀವಮಾನವಿಡೀ ಇದನ್ನೇ ಅಭ್ಯಾಸ ಮಾಡಿದ ಮನುಷ್ಯ 2024ರ ಆಗಸ್ಟಿನಲ್ಲಿ 96ನೇ ವಯಸ್ಸಿಗೆ ತೀರಿಕೊಂಡರು.

ಇಂಥ ಕರಪತ್ರವನ್ನು ನೀವು ಅಚ್ಚು ಹಾಕುವುದಿಲ್ಲ, ಬೆಳಗಿನ ಜಾವ ಪೇಪರ್ ಜೋಡಿಸುವ ಕಡೆ ಅದು ಒಳಗೆ ಸೇರುತ್ತದೆ ಎಂದು ಬಲ್ಲೆ. ಆದರೆ ನಮ್ಮಕ್ಕ ಅದನ್ನು ನಂಬಿದ್ದು ನಿಮ್ಮ ಪತ್ರಿಕೆಯೊಳಗಿಂದ ಬಂತೆಂದೇ. ಔಷಧಿಯ ಕರಪತ್ರ ಸೇರಿಸಬೇಡಿ ಎಂದು ಏಜೆಂಟರಿಗೆ ದಯವಿಟ್ಟು ತಿಳಿಸಿ. ಭಾನುವಾರದ ಪುಟದಲ್ಲಿ ಒಮ್ಮೆ ಹೇಫ್ಲಿಕ್ ಅವರ ಕೆಲಸವನ್ನು ಹಿರಿಯರಿಗೆ ತಿಳಿಯುವಂತೆ, ದೊಡ್ಡ ಅಕ್ಷರದಲ್ಲಿ ಬರೆಸಿ.

ಅಕ್ಕನ ಶುಗರ್ ಈಗ 140ಕ್ಕೆ ಇಳಿದಿದೆ. ಅರ್ಧ ಉಳಿದ ಡಬ್ಬಿ ನನ್ನ ಬೀರುವಿನಲ್ಲಿದೆ. ಅದರಲ್ಲಿ ಏನಿದೆಯೆಂದು ಪರೀಕ್ಷಿಸಲು ಯಾರಾದರೂ ಮುಂದೆ ಬಂದರೆ ನಾನೇ ತಂದು ಕೊಡುತ್ತೇನೆ.

ಇಂತಿ,
ನಿವೃತ್ತ ಲ್ಯಾಬ್ ಟೆಕ್ನಿಷಿಯನ್,
ನಿಟುವಳ್ಳಿ, ದಾವಣಗೆರೆ