ಕವಡೆ, ಇಸ್ಪೀಟು ಮತ್ತು ಮಕ್ಕಳ ಗಣಿತ: ಪೋಷಕರಿಗೆ ಪತ್ರ

ಹಾವೇರಿ

ದ್ವಿತೀಯ ಪಿಯುಸಿ ವಿಜ್ಞಾನ ವಿಭಾಗದ ಪೋಷಕರಿಗೆ ನಮಸ್ಕಾರಗಳು.

ಕಳೆದ ಪೋಷಕರ ಸಭೆ ಮುಗಿದ ಮೇಲೆ ತಂದೆಯೊಬ್ಬರು ಮಗನ ಗಣಿತದ ನೋಟ್‌ಬುಕ್ ಹಿಡಿದುಕೊಂಡು ನನ್ನ ಕೊಠಡಿಗೆ ಬಂದರು. ಪುಟದ ತುಂಬ ಇಸ್ಪೀಟು, ದಾಳ, ನಾಣ್ಯ. "ಓಸಿ ಜೂಜಾಡಿ ನಮ್ಮ ಓಣಿಯಲ್ಲಿ ಮನೆಗಳು ಹಾಳಾಗಿವೆ. ಕಾಲೇಜಿನಲ್ಲೂ ಇದನ್ನೇ ಕಲಿಸುತ್ತೀರಾ?" ಎಂದು ಕೇಳಿದರು. ಅವರ ಸಂಕಟ ನನ್ನನ್ನು ತಟ್ಟಿತು. ಅಂದು ನಿಂತಲ್ಲೇ ಕೊಟ್ಟ ಉತ್ತರ ಅರ್ಧವಾಗಿತ್ತು. ಪೂರ್ತಿ ಉತ್ತರವನ್ನು ನಿಮ್ಮೆಲ್ಲರಿಗೂ ಬರೆಯುತ್ತಿದ್ದೇನೆ.

ಆ ಪಾಠದ ಹೆಸರು ಸಂಭವನೀಯತೆ, ಅಂದರೆ ಒಂದು ಘಟನೆ ನಡೆಯುವ ಸಾಧ್ಯತೆ ಎಷ್ಟು ಎಂಬ ಲೆಕ್ಕ. ಅರ್ಧಕ್ಕೆ ನಿಂತ ಜೂಜಾಟದ ಹಣವನ್ನು ನ್ಯಾಯವಾಗಿ ಹಂಚುವುದು ಹೇಗೆ ಎಂದು 1654ರಲ್ಲಿ ಫ್ರಾನ್ಸಿನ ಗಣಿತಜ್ಞರಾದ ಪ್ಯಾಸ್ಕಲ್ ಮತ್ತು ಫರ್ಮಾ ಪತ್ರ ಬರೆದುಕೊಂಡರು. ಈ ಗಣಿತ ಬೆಳೆದದ್ದು ಅಲ್ಲಿಂದ. ಇಂದು ಮಳೆಯ ಮುನ್ಸೂಚನೆಯೂ ವಿಮೆಯ ಕಂತಿನ ಲೆಕ್ಕವೂ ಇದರ ಮೇಲೆಯೇ ನಿಂತಿವೆ. ಪಾಠದಲ್ಲಿ ಇಸ್ಪೀಟು ಬರುವುದು 52 ಎಲೆಗಳನ್ನು ಎಣಿಸುವುದು ಸುಲಭ ಎಂಬ ಕಾರಣಕ್ಕೆ ಮಾತ್ರ.

ಒಂದು ಎಲೆ ತೆಗೆದರೆ ಅದು ಕೆಂಪು ಅಥವಾ ರಾಜ ಆಗಿರುವ ಸಂಭವನೀಯತೆ ಎಷ್ಟು? ಕೆಂಪು 26, ರಾಜ 4, ಒಟ್ಟು 30 ಎಂದು ಮಕ್ಕಳು ಬರೆದುಬಿಡುತ್ತಾರೆ. ಕೆಂಪು ರಾಜರಿಬ್ಬರು ಎರಡು ಸಲ ಎಣಿಕೆಯಾದರು. ಅವರನ್ನು ಒಮ್ಮೆ ಕಳೆದರೆ 52ರಲ್ಲಿ 28, ಅಂದರೆ 7/13. ಸಂಕಲನ ನಿಯಮ ಇಷ್ಟೇ.

ಗುಣಾಕಾರ ನಿಯಮದಲ್ಲಿ ಮಕ್ಕಳು ಹೆಚ್ಚು ಎಡವುತ್ತಾರೆ. ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿಯ ಹತ್ತು ಚೀಲಗಳಿವೆ, ಮೂರು ತೇವ ಹಿಡಿದಿವೆ ಎಂದುಕೊಳ್ಳಿ. ಖರೀದಿದಾರ ಯಾವುದೋ ಎರಡನ್ನು ಬಿಚ್ಚಿಸಿದರೆ ಎರಡೂ ತೇವದ್ದೇ ಆಗುವ ಸಂಭವನೀಯತೆ 3/10 × 3/10 ಅಲ್ಲ. ಮೊದಲನೆಯದು ತೇವದ್ದು ಎಂದು ತಿಳಿದ ಮೇಲೆ ಉಳಿದ ಒಂಬತ್ತರಲ್ಲಿ ತೇವದ್ದು ಎರಡೇ. ಆದ್ದರಿಂದ 3/10 × 2/9, ಅಂದರೆ 1/15. ಷರತ್ತುಬದ್ಧ ಸಂಭವನೀಯತೆ ಎಂಬ ದೊಡ್ಡ ಹೆಸರಿನ ಒಳಗಿರುವುದು ಈ ಸಣ್ಣ ಎಚ್ಚರ. ಇದೇ ಲೆಕ್ಕವನ್ನು ಪೆಟ್ಟಿಗೆಯಲ್ಲಿನ ಚೆಂಡು ಎಂದು ಕೇಳಿದಾಗ ತಪ್ಪಿದ ಹುಡುಗಿಯೊಬ್ಬಳು ಚೀಲ ಎಂದೊಡನೆ ಸರಿಯಾಗಿ ಹೇಳಿದಳು. ಅವಳ ಮನೆಯಲ್ಲಿ ಮೆಣಸಿನಕಾಯಿ ಬೆಳೆಯುತ್ತಾರೆ.

ಈಗ ಓಸಿಯ ಮಾತು. ಸೊನ್ನೆಯಿಂದ ಒಂಬತ್ತರವರೆಗಿನ ಒಂದು ಅಂಕಿಗೆ ಹಣ ಕಟ್ಟುವವರು, "ಇಷ್ಟು ದಿನ ಬಂದಿಲ್ಲ, ಇವತ್ತು ಬಂದೇ ಬರುತ್ತದೆ" ಎನ್ನುತ್ತಾರೆ. ಆಟದಲ್ಲಿ ಮೋಸವೇ ಇಲ್ಲ ಎಂದು ಒಪ್ಪಿಕೊಂಡರೂ ಈ ಮಾತು ಸುಳ್ಳು. ಬಿಚ್ಚಿದ ಚೀಲದಂತೆ ಬಂದುಹೋದ ಅಂಕಿ ಎಣಿಕೆಯಿಂದ ಹೊರಹೋಗುವುದಿಲ್ಲ. ನಿನ್ನೆಯದು ಇಂದಿನದಕ್ಕೆ ಸಂಬಂಧವಿಲ್ಲದ ಸ್ವತಂತ್ರ ಘಟನೆ. ಯಾವುದೇ ಒಂದು ದಿನ ಆ ಅಂಕಿ ಬಾರದಿರುವ ಸಂಭವನೀಯತೆ 9/10. ಹತ್ತು ದಿನವೂ ಬಾರದಿರುವುದು 9/10ನ್ನು ಹತ್ತು ಸಲ ಗುಣಿಸಿದಷ್ಟು, ಸುಮಾರು 0.35. ಹತ್ತು ದಿನ ಬಿಡದೆ ಕಟ್ಟಿದ ನೂರು ಜನರಲ್ಲಿ ಸರಾಸರಿ ಮೂವತ್ತೈದು ಮಂದಿಗೆ ಒಮ್ಮೆಯೂ ಬರುವುದಿಲ್ಲ. ಗೆದ್ದವನಿಗೆ ರೂಪಾಯಿಗೆ ಒಂಬತ್ತರಂತೆ ಕೊಟ್ಟರೂ ದೀರ್ಘಕಾಲದಲ್ಲಿ ಕಟ್ಟಿದ ಪ್ರತಿ ಹತ್ತು ರೂಪಾಯಿಗೆ ಒಂದು ಹೋಗಿಯೇ ಹೋಗುತ್ತದೆ. ಈ ಲೆಕ್ಕವನ್ನು ತನ್ನ ಕೈಯಾರೆ ಮಾಡಿದ ಹುಡುಗನಿಗೆ ಜೂಜು ತೋರಿಸುವ ಆಸೆಯೂ ಬೇರೆಯಾಗಿ ಕಾಣುತ್ತದೆ ಎಂದು ನಾನು ಮನಸಾರೆ ನಂಬಿದ್ದೇನೆ.

ನಿಮ್ಮಿಂದ ಒಂದು ಸಹಾಯ ಬೇಕು. ಮನೆಯಲ್ಲಿ ಚೌಕಾಬಾರದ ಕವಡೆಗಳಿದ್ದರೆ ನಾಲ್ಕನ್ನು ಬರುವ ಶನಿವಾರ ಮಕ್ಕಳ ಕೈಯಲ್ಲಿ ಕಳುಹಿಸಿ. ನಾಲ್ಕು ನಾಣ್ಯಗಳೂ ರಾಜಮುಖಕ್ಕೆ ಬೀಳುವ ಸಂಭವನೀಯತೆ 1/16. ಕವಡೆಗೆ ಈ ಲೆಕ್ಕ ನಡೆಯುವುದಿಲ್ಲ. ಅದರ ಬೆನ್ನು ಉಬ್ಬು, ಹೊಟ್ಟೆಯಲ್ಲಿ ಸೀಳು. ಎರಡು ಮಗ್ಗುಲೂ ಸಮನಾಗಿ ಬೀಳುತ್ತವೆ ಎಂದು ಹೇಳಲು ಆಧಾರವಿಲ್ಲ. ಒಂದು ಕವಡೆ ಅಂಗಾತ ಬೀಳುವುದು 0.6 ಆಗಿದ್ದರೆ ನಾಲ್ಕೂ ಅಂಗಾತ ಬೀಳುವುದು ಸುಮಾರು 0.13, ನಾಣ್ಯಕ್ಕಿಂತ ಎರಡು ಪಟ್ಟು. ನಿಜವಾದ ಸಂಖ್ಯೆಯನ್ನು ಪುಸ್ತಕ ಹೇಳುವುದಿಲ್ಲ, ನೂರಾರು ಸಲ ಎಸೆದು ಬರೆದಿಟ್ಟುಕೊಳ್ಳಬೇಕು. ಶನಿವಾರ ಮಕ್ಕಳು ಮಾಡುವುದು ಅದನ್ನೇ.

ಆ ತಂದೆಯವರನ್ನೂ ಕರೆದಿದ್ದೇನೆ. ನೀವೂ ಬನ್ನಿ. ತರಗತಿ ಬೆಳಿಗ್ಗೆ ಒಂಬತ್ತಕ್ಕೆ, ಹಿಂದಿನ ಬೆಂಚುಗಳನ್ನು ನಿಮಗಾಗಿ ಖಾಲಿ ಇಡಿಸಿರುತ್ತೇನೆ.

ವಂದನೆಗಳೊಂದಿಗೆ,
ಪ್ರಾಂಶುಪಾಲರು